ಮರಿಯಾಗಿದ್ದಾಗಿನ ಸ್ನೇಹ

2016ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಕೋಎಕ್ಸ್ ಅಕ್ವೇರಿಯಂನಲ್ಲಿ ಎಂಟು ವರ್ಷದ ಹೆಣ್ಣು ಸ್ಯಾಂಡ್ ಟೈಗರ್ ಶಾರ್ಕ್ ಒಂದು, ಅದೇ ತೊಟ್ಟಿಯಲ್ಲಿದ್ದ ಐದು ವರ್ಷದ ಗಂಡು ಹೌಂಡ್ ಶಾರ್ಕನ್ನು ತಲೆಯ ಕಡೆಯಿಂದ ನುಂಗಲು ಶುರು ಮಾಡಿತು. ಅದಕ್ಕೆ 21 ಗಂಟೆ ಹಿಡಿಯಿತು. ಬಾಯಿಂದ ಹೊರಗೆ ಇಳಿಬಿದ್ದ ಬಾಲದೊಂದಿಗೆ ಅದು ನಿಧಾನವಾಗಿ ಈಜುತ್ತಿದ್ದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಶಾರ್ಕ್‌ಗಳಿಗೆ ತಮ್ಮದೇ ಆದ ಜಾಗವಿರುತ್ತದೆ, ಈಜುವಾಗ ಒಂದಕ್ಕೊಂದು ತಗುಲಿದರೆ ಹೀಗಾಗುವುದುಂಟು ಎಂದು ಅಕ್ವೇರಿಯಂನವರು ವಿವರಣೆ ಕೊಟ್ಟರು.

ಅದಕ್ಕೂ ಹಿಂದೆ, 2004ರ ಸೆಪ್ಟೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಒಂದು ಎಳೆಯ ಗ್ರೇಟ್ ವೈಟ್ ಶಾರ್ಕನ್ನು ತಂದು ಹತ್ತು ಲಕ್ಷ ಗ್ಯಾಲನ್ ನೀರಿನ ತೊಟ್ಟಿಗೆ ಬಿಟ್ಟಿತ್ತು. 198 ದಿನ ಅದು ಅಲ್ಲಿತ್ತು. ಕೊನೆಕೊನೆಗೆ ಜೊತೆಗಿದ್ದ ಎರಡು ಸೂಪ್‌ಫಿನ್ ಶಾರ್ಕ್‌ಗಳು ಅದರ ಬಾಯಿಗೆ ಸಿಕ್ಕಿ ಸತ್ತವು. ಇನ್ನು ಇಟ್ಟುಕೊಳ್ಳುವುದು ಸರಿಯಲ್ಲವೆಂದು 2005ರ ಮಾರ್ಚ್ 31ರಂದು ಅದನ್ನು ವಾಪಸ್ ಸಮುದ್ರಕ್ಕೆ ಬಿಟ್ಟರು.

ಇವೆರಡೂ ನುರಿತವರು ನಡೆಸುವ ಜಾಗಗಳು. ಜೀವವಿಜ್ಞಾನಿಗಳಿದ್ದಾರೆ, ಪಶುವೈದ್ಯರಿದ್ದಾರೆ, ಯಾವ ಮೀನು ಎಷ್ಟು ತಿಂದಿತೆಂದು ಬರೆದಿಡುವವರಿದ್ದಾರೆ. ಅಂಥ ಕಡೆಯೇ ಕೈಮೀರಿದ್ದನ್ನು ಈಗ ನಮ್ಮ ಊರುಗಳಲ್ಲಿ ಆರಡಿ ಗಾಜಿನ ಪೆಟ್ಟಿಗೆಯಲ್ಲಿ, ಟಿವಿಯ ಪಕ್ಕದಲ್ಲಿ, ಹವ್ಯಾಸಕ್ಕೆಂದು ಮಾಡುತ್ತಿದ್ದಾರೆ. ಇದಕ್ಕೆ 'ಮಾನ್‌ಸ್ಟರ್ ಟ್ಯಾಂಕ್' ಎಂಬ ಹೆಸರು ಬೇರೆ. ಆಸ್ಕರ್, ಸಿಲ್ವರ್ ಅರೋವಾನಾ, ಅಲಿಗೇಟರ್ ಗಾರ್, ರೆಡ್ ಟೇಲ್ ಕ್ಯಾಟ್‌ಫಿಶ್, ಪೀಕಾಕ್ ಬಾಸ್, ಪಿರಾನ್ಹ ಎಂದು ಮಾರುವ ರೂಪ್‌ಚಂದ್ ಮರಿ, ಎಲ್ಲವೂ ಒಂದೇ ನೀರಿನಲ್ಲಿ.

ಬೆಂಗಳೂರಿನ ಶಿವಾಜಿನಗರದ ಕಡೆಯ ಮೀನು ಅಂಗಡಿಯೊಂದರಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದ ಮಾತುಕತೆ ಇದು. ಕಾಲೇಜು ಹುಡುಗನೊಬ್ಬ ಆಮ್ಲಜನಕ ತುಂಬಿ ಕಟ್ಟಿದ ಮೂರು ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದುಕೊಂಡು, "ಅಣ್ಣಾ, ಇವು ಮೂರೂ ಒಟ್ಟಿಗೆ ಇರ್ತವಾ?" ಎಂದು ಕೇಳಿದ. "ಏನೂ ಮಾಡಲ್ಲ ಬ್ರದರ್. ಚಿಕ್ಕದರಿಂದ ಜೊತೇಲೇ ಬೆಳೆದ್ರೆ ಹೊಂದ್ಕೊಂಡ್ಬಿಡ್ತವೆ" ಎಂದ ಅಂಗಡಿಯವ. ಕವರಿನೊಳಗೆ ಬೆರಳುದ್ದದ ಒಂದು ಗಾರ್, ಬಟ್ಟಲುಗಣ್ಣಿನ ಒಂದು ಆಸ್ಕರ್, ಕಪ್ಪು ಮೈಗೆ ಬಿಳಿ ಪಟ್ಟೆಯಿದ್ದು ಆಗಷ್ಟೇ ಬಾಲ ಕೆಂಪಾಗತೊಡಗಿದ್ದ ಒಂದು ರೆಡ್ ಟೇಲ್. ಮೂರೂ ಮುದ್ದಾಗಿದ್ದವು. ಅಂಗಡಿಯವನ ಮಾತು ಆ ಹೊತ್ತಿಗೆ ಸುಳ್ಳೂ ಆಗಿರಲಿಲ್ಲ, ಏಕೆಂದರೆ ಆ ಗಾತ್ರದಲ್ಲಿ ಅವು ನಿಜವಾಗಿಯೂ ಒಂದಕ್ಕೊಂದು ಏನೂ ಮಾಡುವುದಿಲ್ಲ.

ನಾನು ಹೇಳಬೇಕಾದದ್ದು ಇದೇ. ದೊಡ್ಡ ಬೇಟೆ ಮೀನುಗಳು ಹೊಂದಿಕೊಂಡಿವೆ ಎಂದು ನಮಗೆ ಕಾಣುವುದು ಬಹುಪಾಲು ಅವುಗಳ ವಯಸ್ಸಿನ ಮಾತು. ಮರಿಗಳ ಬಾಯಿ ಚಿಕ್ಕದು, ಒಂದನ್ನೊಂದು ನುಂಗಲಾರವು. ಮರಿ ಮಾಡುವ ಪ್ರಾಯ ಬಂದಿಲ್ಲ, ಹಾಗಾಗಿ ಜಾಗಕ್ಕೆ ಜಗಳವಿಲ್ಲ. ನೀರು ಇನ್ನೂ ಸಾಲುತ್ತಿದೆ. ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಸ್ನೇಹ ಮುರಿಯುತ್ತದೆ. ಬೆಳೆಯುವ ಮೀನಿನ ವಿಷಯದಲ್ಲಿ ಮೂರೂ ತಪ್ಪುತ್ತವೆ.

ಬೆಳವಣಿಗೆಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಮೀನಿನ ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟಾಗುತ್ತದೆ, ಏಕೆಂದರೆ ಅಗಲವೂ ದಪ್ಪವೂ ಜೊತೆಗೇ ಹಿಗ್ಗುತ್ತವೆ. ಅಂಗಡಿಯಲ್ಲಿ 5 ಸೆಂ.ಮೀ. ಇದ್ದ ಆಸ್ಕರ್ 30 ಸೆಂ.ಮೀ. ಆದಾಗ ಉದ್ದ ಆರು ಪಟ್ಟು, ತೂಕ ಇನ್ನೂರು ಪಟ್ಟಿಗೂ ಮೇಲೆ. ಮನೆಯವರ ಕಣ್ಣಿಗೆ ಕಾಣುವುದು ಉದ್ದ. ನೀರಿಗೆ ತಾಗುವುದು ತೂಕ. ಆಸ್ಕರ್ ಇವುಗಳಲ್ಲೆಲ್ಲ ಚಿಕ್ಕದು. ಸಿಲ್ವರ್ ಅರೋವಾನಾ ಮೂರಡಿ ಬೆಳೆಯುತ್ತದೆ. ಅಮೆಜಾನಿನ ರೆಡ್ ಟೇಲ್ ಕ್ಯಾಟ್‌ಫಿಶ್ ಒಂದು ಮೀಟರ್ ದಾಟುತ್ತದೆ, ಒಬ್ಬ ಮನುಷ್ಯನಷ್ಟು ತೂಗಬಲ್ಲದು. ಅಮೆರಿಕದ ದಕ್ಷಿಣದ ನದಿಗಳ ಅಲಿಗೇಟರ್ ಗಾರ್ ಎಂಟಡಿವರೆಗೆ ಬೆಳೆದದ್ದುಂಟು, 50 ವರ್ಷ ದಾಟಿ ಬದುಕಿದ್ದೂ ಉಂಟು. ಇಷ್ಟುದ್ದದ ಆಯಸ್ಸಿನ ಪ್ರಾಣಿಯನ್ನು ಮೂರನೇ ಸೆಮಿಸ್ಟರಿನಲ್ಲಿ ಕೊಂಡ ಹುಡುಗ ಐದನೇ ಸೆಮಿಸ್ಟರಿಗೇ ಏನು ಮಾಡಲಿ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ.

'ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ' ಎಂಬ ಮಾತೊಂದು ಅಂಗಡಿಯಿಂದ ಅಂಗಡಿಗೆ ಓಡಾಡುತ್ತದೆ. ಇದರಷ್ಟು ಮೀನು ಕೊಂದ ಮಾತು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಕೆಟ್ಟ ನೀರಿನಲ್ಲಿ, ತಿರುಗಲೂ ಜಾಗವಿಲ್ಲದ ಕಡೆ ಬೆಳವಣಿಗೆ ಕುಂಠಿತವಾಗುವುದು ನಿಜ. ಬೆನ್ನುಮೂಳೆ ಸೊಟ್ಟಗಾಗಿ, ರೋಗಕ್ಕೆ ಸುಲಭದ ತುತ್ತಾಗಿ, ಹತ್ತು ಹದಿನೈದು ವರ್ಷ ಬದುಕಬೇಕಾದ ಮೀನು ಎರಡು ಮೂರಕ್ಕೇ ಸಾಯುತ್ತದೆ. ಅದನ್ನು ಟ್ಯಾಂಕಿಗೆ ತಕ್ಕ ಬೆಳವಣಿಗೆ ಎಂದು ಕರೆಯುತ್ತಾರೆ.

ಇನ್ನು ಬಾಯಿಯ ವಿಷಯ. ಅಟ್ಟಿಸಿಕೊಂಡು ಹೋಗಿ ಕಚ್ಚುವ ಬೇಟೆ ಈ ಮೀನುಗಳಲ್ಲಿ ಹಲವಕ್ಕೆ ಗೊತ್ತಿಲ್ಲ. ರೆಡ್ ಟೇಲ್ ಮೀನಿನ ಬೇಟೆ ಹೀಗೆ: ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ, ಮೀಸೆಗೆ ಏನೋ ಸೋಕುತ್ತದೆ, ಬಾಯಿ ಮತ್ತು ಕಿವಿರಿನ ಮುಚ್ಚಳ ಒಟ್ಟಿಗೆ ಹಿಗ್ಗುತ್ತವೆ. ಒಳಗೆ ಒಮ್ಮೆಲೇ ಉಂಟಾದ ತೆರವಿಗೆ ಎದುರಿನ ನೀರು ನುಗ್ಗುತ್ತದೆ, ಆ ನೀರಿನ ಜೊತೆ ಎದುರಿದ್ದ ಮೀನೂ ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಇದು ಗೆಳೆಯನೋ ಊಟವೋ ಎಂದು ವಿಂಗಡಿಸುವ ಹಂತ ಅದರಲ್ಲಿಲ್ಲ. ಬಾಯಿಗೆ ಹಿಡಿಸುತ್ತದೆಯೇ ಎನ್ನುವುದೊಂದೇ ಪ್ರಶ್ನೆ. ಆ ಬಾಯಿಯೋ, ತನ್ನ ಮೈಯ ಅರ್ಧದಷ್ಟು ಉದ್ದದ ಮೀನನ್ನೂ ಒಳಗೆ ಸೇರಿಸಬಲ್ಲದು. ಹಗಲೆಲ್ಲ ಆಸ್ಕರ್ ಜೊತೆ ತಣ್ಣಗಿದ್ದ ರೆಡ್ ಟೇಲ್, ರಾತ್ರಿ ಲೈಟ್ ಆರಿಸಿದ ಮೇಲೆ ಎಚ್ಚರಗೊಳ್ಳುವ ಜೀವ. ಆಸ್ಕರ್ ಆಗ ತಳದ ಹತ್ತಿರ ಮಗ್ಗುಲಾಗಿ ನಿದ್ದೆಯಲ್ಲಿರುತ್ತದೆ. ಬೆಳಿಗ್ಗೆ ಎಣಿಸಿದರೆ ಒಂದು ಕಡಿಮೆ, ರೆಡ್ ಟೇಲ್ ಹೊಟ್ಟೆ ಗುಂಡಗೆ. ಎರಡು ವರ್ಷ ಏನೂ ಮಾಡದ್ದು ಈಗೇಕೆ ಹೀಗೆ ಮಾಡಿತು ಎಂದು ಮನೆಯವರಿಗೆ ಅಚ್ಚರಿ. ಅದರ ಸ್ವಭಾವ ಒಂದಿಷ್ಟೂ ಬದಲಾಗಿರುವುದಿಲ್ಲ. ಬಾಯಿ ದೊಡ್ಡದಾಗಿರುತ್ತದೆ, ಅಷ್ಟೇ.

ನುಂಗಿದ್ದು ಬದುಕುತ್ತದೆ ಎಂದೂ ಹೇಳುವಂತಿಲ್ಲ. ನಮ್ಮ ಕೆರೆಗಳಲ್ಲಿ ಗಿರ್ಲು ಹಿಡಿದು ಬಲೆಯಿಂದ ಬಿಡಿಸಿದವರಿಗೆ ಗೊತ್ತು, ಬೆನ್ನಿನ ಮೇಲೊಂದು, ಎರಡು ಪಕ್ಕೆಗೆ ಒಂದೊಂದು ಗರಗಸದಂಥ ಮುಳ್ಳು ಸೆಟೆದು ನಿಲ್ಲುತ್ತದೆ. ಮೀಸೆ ಮೀನಿನ ಜಾತಿಗಳಲ್ಲಿ ಹಲವಕ್ಕೆ ಈ ಮುಳ್ಳನ್ನು ಬುಡದಲ್ಲೇ ಬೀಗ ಹಾಕಿದಂತೆ ಬಿಗಿದಿಡುವ ಕೀಲಿದೆ. ನುಂಗಿದವನ ಗಂಟಲಲ್ಲಿ ಅದು ಸಿಕ್ಕಿಕೊಂಡರೆ ಒಳಗೂ ಹೋಗದು, ಹೊರಗೂ ಬಾರದು. ಎರಡೂ ಸಾಯುತ್ತವೆ. ಗಾಜು ತೊಳೆಯುತ್ತದೆ ಎಂದು ತಂದು ಹಾಕುವ ಸಕರ್ ಮೀನನ್ನು ಬಾಯಿಯಲ್ಲಿ ಸಿಕ್ಕಿಸಿಕೊಂಡು ಸತ್ತ ಆಸ್ಕರ್‌ಗಳ ಕಥೆ ಈ ಹವ್ಯಾಸದವರಲ್ಲಿ ಹಳೆಯದು. 2016ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮಿನ ಬಳಿ ಕುಡಿದ ಮತ್ತಿನಲ್ಲಿ ಒಬ್ಬ ಯುವಕ ಅಕ್ವೇರಿಯಂನ ಪುಟ್ಟ ಕಂಚು ಬಣ್ಣದ ಕೋರಿಡೋರಸ್ ಮೀನನ್ನು ಜೀವಂತ ನುಂಗಿ, ಮುಳ್ಳು ಗಂಟಲಿಗೆ ಕಚ್ಚಿಕೊಂಡು ಆಸ್ಪತ್ರೆ ಸೇರಬೇಕಾಯಿತು. ಬೆರಳುದ್ದದ ಆ ಮೀನು ಈಗ ಅಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಮನುಷ್ಯನ ಗಂಟಲಿಗೇ ಹೀಗಾದರೆ ಮೀನಿನದ್ದು ಏನಾಗಬೇಡ.

ನುಂಗಲಾಗದಷ್ಟು ಸಮ ಗಾತ್ರದವು ಜೊತೆಗಿದ್ದರೆ? ಆಗ ಜಗಳ ಜಾಗಕ್ಕೆ. ಆಸ್ಕರ್, ಪೀಕಾಕ್ ಬಾಸ್, ಫ್ಲವರ್‌ಹಾರ್ನ್ ಎಲ್ಲವೂ ಸಿಕ್ಲಿಡ್ ಎಂಬ ಒಂದೇ ಕುಟುಂಬದವು. ಇವು ಮೊಟ್ಟೆಯನ್ನೂ ಮರಿಯನ್ನೂ ಗಂಡು ಹೆಣ್ಣು ಸೇರಿ ಕಾಯುತ್ತವೆ. ಒಂದು ವರ್ಷದ ಆಸುಪಾಸಿನಲ್ಲಿ ಆಸ್ಕರ್‌ಗಳು ಜೋಡಿ ಕಟ್ಟಿ ಒಂದು ಚಪ್ಪಟೆ ಕಲ್ಲನ್ನು ಆರಿಸಿಕೊಂಡವೆಂದರೆ ಟ್ಯಾಂಕಿನ ಉಳಿದವರ ಬಾಳು ಮುಗಿದ ಹಾಗೆ. ಬಾಯಿಗೆ ಬಾಯಿ ಕಚ್ಚಿ ತಳ್ಳಾಡುವುದು, ಹುರುಪೆ ಕಿತ್ತು ಬರುವುದು, ರೆಕ್ಕೆ ಹರಿಯುವುದು, ಕಣ್ಣು ಹೋಗುವುದು. ನದಿಯಲ್ಲಾದರೆ ಸೋತದ್ದು ಹತ್ತಾರು ಮೀಟರ್ ದೂರ ಓಡಿ ಬದುಕುತ್ತದೆ, ಗೆದ್ದದ್ದು ಅಲ್ಲಿಗೇ ಬಿಡುತ್ತದೆ. ಆರಡಿ ಪೆಟ್ಟಿಗೆಯಲ್ಲಿ ಓಡಿಹೋಗಲು ಜಾಗವಿಲ್ಲ, ಹಾಗಾಗಿ ಸೋಲು ಮುಗಿಯುವುದೇ ಇಲ್ಲ. ಹೀಟರಿನ ಹಿಂದೆ, ಮೂಲೆಯ ಮೇಲ್ಭಾಗದಲ್ಲಿ, ಬಣ್ಣ ಕಪ್ಪಾಗಿ, ರೆಕ್ಕೆ ಮುದುರಿಕೊಂಡು ನಿಂತಿರುವ ಮೀನನ್ನು ನೋಡಿದವರಿಗೆ ನಾನೇನು ಹೇಳುತ್ತಿದ್ದೇನೆಂದು ಗೊತ್ತಾಗುತ್ತದೆ. ಅದಕ್ಕೆ ಒಂದೂ ಗಾಯವಾಗದಿರಬಹುದು. ಸದಾ ಹೆದರಿಕೆಯಲ್ಲಿರುವ ಮೀನಿನ ರಕ್ತದಲ್ಲಿ ಕಾರ್ಟಿಸಾಲ್ ಏರಿಯೇ ಇರುತ್ತದೆ, ಅದರಿಂದ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಕೊನೆಗೆ ಬಿಳಿಚುಕ್ಕೆ ರೋಗವೋ ಬಾಲ ಕೊಳೆಯುವ ರೋಗವೋ ಬಂದು ಸಾಯುತ್ತದೆ. ರೋಗದಿಂದ ಸತ್ತಿತು ಎನ್ನುತ್ತಾರೆ.

ಆಫ್ರಿಕಾದ ಮಲಾವಿ ಸರೋವರದ ಚಿಕ್ಕ ಸಿಕ್ಲಿಡ್‌ಗಳನ್ನು ಸಾಕುವವರು ಬೇಕೆಂದೇ ಟ್ಯಾಂಕ್ ತುಂಬ ಮೀನು ತುಂಬುತ್ತಾರೆ. ಜಗಳಗಂಟ ಮೀನಿಗೆ ಒಬ್ಬನನ್ನೇ ಗುರಿ ಮಾಡಲು ಆಗದಂತೆ ಮಾಡುವ ಉಪಾಯ ಅದು. ಅಂಗೈಯಷ್ಟೂ ದೊಡ್ಡದಾಗದ ಮೀನುಗಳಿಗೆ, ಬಲವಾದ ಫಿಲ್ಟರ್ ಇದ್ದರೆ, ಅದು ನಡೆಯುತ್ತದೆ. ಅದನ್ನೇ ಮಾನ್‌ಸ್ಟರ್ ಟ್ಯಾಂಕಿಗೂ ಅನ್ವಯಿಸಿದಾಗ ಜಗಳ ಕಡಿಮೆಯಾಗಬಹುದು, ಆದರೆ ನೀರು ಸಾಯುತ್ತದೆ.

ನೀರಿನ ಲೆಕ್ಕವನ್ನು ತುಸು ನಿಂತು ನೋಡಬೇಕು, ಏಕೆಂದರೆ ಕಚ್ಚಾಟಕ್ಕಿಂತ ಹೆಚ್ಚು ಮೀನು ಸಾಯುವುದು ಇದರಿಂದ. ಬೇಟೆ ಮೀನಿನ ಊಟವೆಲ್ಲ ಪ್ರೋಟೀನ್. ದಿನಕ್ಕೆ 100 ಗ್ರಾಂ ಪೆಲ್ಲೆಟ್ ಹಾಕಿದಿರಿ, ಅದರಲ್ಲಿ 40 ಗ್ರಾಂ ಪ್ರೋಟೀನ್ ಇದೆ ಎಂದುಕೊಳ್ಳಿ. ಪ್ರೋಟೀನಿನ ತೂಕದಲ್ಲಿ ಶೇ. 16ರಷ್ಟು ಸಾರಜನಕ, ಅಂದರೆ ಆರು ಗ್ರಾಂಗೂ ಮಿಕ್ಕಿ. ಅದರಲ್ಲಿ ಅರ್ಧ ಮಾತ್ರ ಕಿವಿರಿನಿಂದ ಅಮೋನಿಯವಾಗಿ ಹೊರಬಂತೆಂದರೂ ಮೂರು ಗ್ರಾಂ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಲೀಟರಿಗೆ ನಾಲ್ಕು ಮಿಲಿಗ್ರಾಂ ದಾಟಿತು, ಒಂದೇ ದಿನದಲ್ಲಿ. ಆರೋಗ್ಯವಂತ ಟ್ಯಾಂಕಿನಲ್ಲಿ ಇದು ಸೊನ್ನೆಯ ಹತ್ತಿರ ಇರಬೇಕು. ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ, ನೀರಿನಲ್ಲಿ ಗಾಳಿ ಇದ್ದರೂ ಮೀನು ಏದುಸಿರು ಬಿಡುತ್ತದೆ.

ಬೆಂಗಳೂರಿನ ಬಹಳಷ್ಟು ಬಡಾವಣೆಗಳ ಬೋರ್‌ವೆಲ್ ನೀರು ಗಡುಸು, ಕ್ಷಾರದ ಕಡೆಗಿರುವುದು. ಕ್ಷಾರತೆ ಹೆಚ್ಚಿದಂತೆ ಅಮೋನಿಯದ ವಿಷವೂ ಏರುತ್ತದೆ. ಪಿಎಚ್ 7ರಲ್ಲಿ ಒಂದು ಪಾಲು ವಿಷವಿದ್ದರೆ, 8ರಲ್ಲಿ ಅದು ಹತ್ತಿರಹತ್ತಿರ ಹತ್ತು ಪಾಲು. ಇದರ ಮೇಲೆ ಕರೆಂಟು ಹೋಗುತ್ತದೆ. ಫಿಲ್ಟರ್ ನಿಂತರೆ ಆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗದು, ಕೆಲವು ಗಂಟೆಗಳಲ್ಲಿ ಸಾಯತೊಡಗುತ್ತವೆ. ಚಿಕ್ಕ ಮೀನುಗಳ ಟ್ಯಾಂಕ್ ಅಂಥ ಒಂದು ರಾತ್ರಿಯನ್ನು ಹೇಗೋ ದಾಟೀತು. ಕೇಜಿಗಟ್ಟಲೆ ಮೀನಿರುವ ಟ್ಯಾಂಕ್ ದಾಟುವುದಿಲ್ಲ. ಗಾರ್ ಮತ್ತು ಕೆಲವರು ಸಾಕುವ ಅಮೆಜಾನಿನ ದೈತ್ಯ ಮೀನು ಅರಪೈಮಾ ಮೇಲೆ ಬಂದು ಗಾಳಿ ಕುಡಿಯಬಲ್ಲವು, ಅವು ಉಳಿಯಬಹುದು. ಉಳಿದವು ಬೆಳಿಗ್ಗೆಗೆ ತೇಲುತ್ತಿರುತ್ತವೆ.

ಊಟದ ಹೊತ್ತಿನ ಅಪಾಯ ಬೇರೆ. ಜೀವಂತ ಗೋಲ್ಡ್‌ಫಿಶ್, ಮೋಲಿ ತಂದು ಸುರಿದು ಬೇಟೆ ನೋಡುವುದೇ ಹಲವರಿಗೆ ಈ ಹವ್ಯಾಸದ ಸೊಗಸು. ಗೋಲ್ಡ್‌ಫಿಶ್ ಮಾಂಸದಲ್ಲಿ ವಿಟಮಿನ್ ಬಿ1 ನಾಶ ಮಾಡುವ ಕಿಣ್ವವಿದೆ. ಅದನ್ನೇ ತಿಂದು ಬೆಳೆದ ಮೀನು ನರದೌರ್ಬಲ್ಯದಿಂದ ಸೊರಗುತ್ತದೆ. ಹತ್ತಾರು ಮರಿ ಒಂದೇ ತೊಟ್ಟಿಯಲ್ಲಿ ಕಿಕ್ಕಿರಿದಿರುವ ಅಂಗಡಿಯಿಂದ ಬಂದವು ಪರಾವಲಂಬಿ ಹುಳುಗಳನ್ನೂ ಹೊತ್ತು ತರುತ್ತವೆ. ಜೊತೆಗೆ ಆ ನೂಕುನುಗ್ಗಲಿನಲ್ಲಿ ಒಂದರ ಬಾಯಿ ಇನ್ನೊಂದರ ಕಣ್ಣಿಗೆ ತಗುಲುತ್ತದೆ. ಒಂದಕ್ಕೆ ರೋಗ ಬಂದರೆ ಔಷಧಿ ಹಾಕುವುದೂ ಕಷ್ಟ. ಹುರುಪೆಯಿರುವ ಮೀನು ತಾಳಿಕೊಳ್ಳುವ ಪ್ರಮಾಣವನ್ನು ಹುರುಪೆಯಿಲ್ಲದ ಕ್ಯಾಟ್‌ಫಿಶ್ ತಾಳದು.

ಮನೆಯವರಿಗೂ ಇದು ಹಗುರದ ವಿಷಯವಲ್ಲ. ಮೇಲೆ ಹೇಳಿದ ಟ್ಯಾಂಕಿನ ನೀರಷ್ಟೇ 680 ಕಿಲೋ. ಗಾಜು, ಸ್ಟ್ಯಾಂಡ್, ಕಲ್ಲು ಸೇರಿದರೆ ಮುಕ್ಕಾಲು ಟನ್ನಿಗೂ ಮೇಲೆ. ವಾಸದ ಕೋಣೆಯ ನೆಲಕ್ಕೆ ನಮ್ಮ ಐಎಸ್ 875 ಮಾನದಂಡ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 200 ಕಿಲೋ ಆಸುಪಾಸು. ಈ ಟ್ಯಾಂಕ್ ನಿಲ್ಲುವ ಜಾಗ ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ಇಟ್ಟ ತಕ್ಷಣ ನೆಲ ಕುಸಿಯುತ್ತದೆ ಎಂದಲ್ಲ, ತೊಲೆಯ ಮೇಲೆ, ಗೋಡೆಯ ಬದಿಗೆ ಇಟ್ಟರೆ ತಾಳುತ್ತದೆ. ಆದರೆ ಮೂರನೇ ಮಹಡಿಯ ಬಾಲ್ಕನಿಯಲ್ಲಿಡುವ ಮುನ್ನ ಒಬ್ಬ ಎಂಜಿನಿಯರನ್ನು ಕೇಳಿ. ಮೂರಡಿ ಮೀನು ಬೆದರಿ ಬಾಲ ಬೀಸಿದರೆ ಗಾಜಿನ ಹೀಟರ್ ಚೂರಾಗುತ್ತದೆ, ನೀರಿಗೆ ಕರೆಂಟು ಹರಿಯುತ್ತದೆ. ಸೋರಿಕೆ ವಿದ್ಯುತ್ ತಡೆಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಆ ನೀರಿಗೆ ಕೈಹಾಕುವುದು ಪ್ರಾಣಕ್ಕೆ ಎರವು. ಅರೋವಾನಾ ಅಮೆಜಾನಿನಲ್ಲಿ ನೀರಿನ ಮೇಲಿನ ಕೊಂಬೆಯ ಹುಳುವಿಗೆ ಜಿಗಿದು ಬದುಕುವ ಮೀನು. ಕೆಳಗಿನಿಂದ ರೆಡ್ ಟೇಲ್ ಬೆದರಿಸಿದರೆ ಅದು ಮುಚ್ಚಳವನ್ನೇ ಎತ್ತಿಕೊಂಡು ಹೊರಗೆ ಬೀಳುತ್ತದೆ.

ಇಷ್ಟೆಲ್ಲ ಆಗಿ ಕೊನೆಗೆ ಮೀನು ಬೇಡವಾಗುತ್ತದೆ. ಅಂಗಡಿಯವ ದೊಡ್ಡದನ್ನು ವಾಪಸ್ ಕೊಳ್ಳುವುದಿಲ್ಲ, ಕೊಲ್ಲಲು ಮನಸ್ಸು ಬಾರದು. ಯಾರೂ ಇಲ್ಲದ ಹೊತ್ತು ನೋಡಿ ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ, ಪುಣ್ಯದ ಕೆಲಸ ಮಾಡಿದೆವೆಂದೂ ಭಾವಿಸುತ್ತಾರೆ. 2023ರಲ್ಲಿ ಭೋಪಾಲದಲ್ಲಿ ಗಾಳಕ್ಕೆ ಅಲಿಗೇಟರ್ ಗಾರ್ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಕಳೆ ತೆಗೆಯುವಾಗಲೂ ಒಂದು ಸಿಕ್ಕಿತು. ಅಮೆರಿಕದ ಮೀನು ಕಾಶ್ಮೀರಕ್ಕೆ ಈಜಿಕೊಂಡು ಬಂದಿರಲಾರದು. ಕೇರಳದಲ್ಲಿ 2018ರ ಆಗಸ್ಟ್ ನೆರೆಯಲ್ಲಿ ಸಾಕಣೆ ಕೊಳಗಳು ಒಡೆದು ಅರಪೈಮಾಗಳು ಚಾಲಕ್ಕುಡಿಯಂಥ ನದಿಗಳನ್ನು ಸೇರಿದವು. ಆ ನದಿಯ ಹೆಸರನ್ನೇ ಹೊತ್ತ, ಕೆಂಪು ಗೆರೆಯ ಸಹ್ಯಾದ್ರಿಯಾ ಎಂಬ ಪುಟ್ಟ ಮೀನು ಅಲ್ಲಿನದ್ದು, ಅಳಿವಿನಂಚಿನಲ್ಲಿರುವಂಥದ್ದು. ನಮ್ಮ ಕಾವೇರಿಯ ಡುಬ್ಬದ ಮಹಶೀರ್‌ ಸ್ಥಿತಿ ಇನ್ನೂ ಕೆಟ್ಟದು, ಐಯುಸಿಎನ್ ಪಟ್ಟಿಯಲ್ಲಿ ಅದು ತೀರಾ ಅಪಾಯದ ಸಾಲಿನಲ್ಲಿದೆ. ಗಾಜು ತೊಳೆಯುವ ಸಕರ್ ಮೀನು ಈಗಾಗಲೇ ನಮ್ಮ ಕೆರೆಗಳಲ್ಲಿ ತುಂಬಿಕೊಂಡು ಬಲೆ ಹರಿಯುತ್ತಿದೆ, ಅದನ್ನು ತಂದವರಾರೂ ಮೀನುಗಾರರಲ್ಲ.

ಕಾನೂನು ಸ್ವಲ್ಪ ಮುಂದೆ ಬಂದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅದರ ಮೇಲೆ 2024ರಲ್ಲಿ ಬಂದ ನಿಯಮಗಳ ಪ್ರಕಾರ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಸಾಕುವವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಏಷ್ಯನ್ ಅರೋವಾನಾ, ಅರಪೈಮಾ ಇದರಲ್ಲಿ ಬರುತ್ತವೆ. ಅಲಿಗೇಟರ್ ಗಾರ್, ರೆಡ್ ಟೇಲ್, ಆಸ್ಕರ್ ಆ ಪಟ್ಟಿಯಲ್ಲಿಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ, ಹೊರಗಿನಿಂದ ಬಂದು ಹಬ್ಬುವ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದ್ದಾರೆ. ಅಲಿಗೇಟರ್ ಗಾರ್ ವಿಷಯದಲ್ಲಿ ಅದನ್ನು ಬಳಸಬೇಕೆಂದು ಕೇಳಲು ಭೋಪಾಲ, ದಾಲ್ ಎರಡೇ ಉದಾಹರಣೆ ಸಾಕು.

ಈಗಾಗಲೇ ಮನೆಯಲ್ಲಿ ಇಂಥವು ಇದ್ದರೆ ಮೊದಲು ರೆಡ್ ಟೇಲ್ ಮತ್ತು ಗಾರ್ ಬೇರೆ ಮಾಡಿ. ಆಸ್ಕರ್, ಫ್ಲವರ್‌ಹಾರ್ನ್ ಒಂದೊಂದೇ ಇದ್ದರೂ ಒಂಟಿತನದಿಂದ ಕೊರಗುವುದಿಲ್ಲ, ಒಂದು ಟ್ಯಾಂಕಿಗೆ ಒಂದೇ ಇರಲಿ. ಇಡಲಾರದಷ್ಟು ಬೆಳೆದದ್ದಕ್ಕೆ ದೊಡ್ಡ ಕೊಳವಿರುವ ಸಾಕಣೆದಾರರನ್ನೋ ಸಾರ್ವಜನಿಕ ಅಕ್ವೇರಿಯಂ ನಡೆಸುವವರನ್ನೋ ಕೇಳಿ. ಯಾರೂ ಸಿಗದೆ ಹೋದರೆ ಮೀನಿನ ಬಗ್ಗೆ ಬಲ್ಲ ಪಶುವೈದ್ಯರ ಬಳಿ ಹೋಗಿ. ಲವಂಗದ ಎಣ್ಣೆಯನ್ನು ಸರಿಯಾದ ಪ್ರಮಾಣದಲ್ಲಿ ನೀರಿಗೆ ಬೆರೆಸಿದರೆ ಮೀನು ಪ್ರಜ್ಞೆ ತಪ್ಪಿ, ನೋವಿಲ್ಲದೆ ಸಾಯುತ್ತದೆ. ಬರೆಯಲು ಕಷ್ಟವಾಗುವ ಮಾತಾದರೂ ಕೆರೆಗೆ ಬಿಡುವುದಕ್ಕಿಂತ ಇದು ಮೇಲು. ಅಂಗಡಿಯವರಿಗೆ ನನ್ನ ಕೋರಿಕೆ ಒಂದೇ: ತೊಟ್ಟಿಯ ಗಾಜಿನ ಮೇಲೆ ಬೆಲೆ ಬರೆಯುವ ಕಡೆ, ಈ ಮೀನು ಪೂರ್ತಿ ಬೆಳೆದರೆ ಎಷ್ಟಡಿ ಎಂದೂ ಬರೆಯಿರಿ.